ವಿಮಾನ ಕಟ್ಟುತ್ತಿದ್ದ ಬಳೆ

ಒದ್ದೆ ಬಟ್ಟೆಯ ಬುಟ್ಟಿಯನ್ನು ಸೊಂಟಕ್ಕೆ ಆನಿಸಿಕೊಂಡು ಮರ್ಲ್ ಕಾದು ನಿಂತಿದ್ದಳು. ಬಟ್ಟೆಹಗ್ಗ ಕಟ್ಟಲೆಂದು ಅವಳ ಗಂಡ ಕ್ಲೈವ್, ಯುದ್ಧಕಾಲದ ಹಳೆಯ ವಿಮಾನ ನಿಲ್ದಾಣದ ನೆಲದಲ್ಲಿ ನಿಂತಿದ್ದ ತಮ್ಮ ಗಾಲಿಮನೆ ಕ್ಯಾರವಾನಿನ ಪಕ್ಕ ಗೂಟ ಹೊಡೆಯುತ್ತಿದ್ದ. ಆಗಲೇ ಎರಡು ಗೂಟ ಸೊಟ್ಟಗಾಗಿ ಬಿದ್ದಿದ್ದವು.

"ಯುದ್ಧವಿಮಾನ ಇಳಿದ್ರೂ ಬಿರಿಯದ ಕಾಂಕ್ರೀಟ್ ಕಣೋ ಇದು. ನಿನ್ನ ಸುತ್ತಿಗೆಗೆ ಬಗ್ಗುತ್ತಾ?" ಎಂದಳು ಮರ್ಲ್.

"ಹಂಗಾದ್ರೆ ನಿಮ್ಮಪ್ಪನ್ನೇ ಕರಿ. ಇಲ್ಲಿ ವಿಮಾನ ಕಟ್ಟಿಹಾಕ್ತಿದ್ದೋರು ಅವರೇ ಅಲ್ವಾ?"

ಮರ್ಲ್ ನಗುತ್ತ ಕಾಲಲ್ಲಿ ಒಣಹುಲ್ಲು ಸರಿಸಿದಳು. ಕಾಂಕ್ರೀಟಿನಲ್ಲಿ ಹೂತ ಕಬ್ಬಿಣದ ಬಳೆಯೊಂದು ಕಂಡಿತು. ಬಿರುಗಾಳಿಗೆ ವಿಮಾನ ಅಲುಗದಂತೆ ಬಿಗಿಯುತ್ತಿದ್ದ ಬಳೆ. ಬುಟ್ಟಿ ಕೆಳಗಿಟ್ಟು, ಕುಕ್ಕರಗಾಲಲ್ಲಿ ಕೂತು ಅದಕ್ಕೆ ಹಗ್ಗ ತೂರಿಸಿದಳು. ಅಪ್ಪ ಕಲಿಸಿದ್ದ ಗಂಟನ್ನು ಕೈ ತಾನಾಗಿಯೇ ಹಾಕಿತು. ಅದು ಬಿಗಿಯಾಗಬೇಕಾದರೆ ಇನ್ನೊಂದು ತುದಿಯನ್ನು ಯಾರಾದರೂ ಜಗ್ಗಿ ಹಿಡಿಯಬೇಕು.

"ಹಿಡ್ಕೊಳ್ಳೇ, ಎಲ್ವಾ," ಎಂದು ಬಾಯ್ತಪ್ಪಿ ಅಂದುಬಿಟ್ಟಳು.

ಎಲ್ವಾ ಅವಳ ಅಕ್ಕ, ಚಿಕ್ಕಂದಿನಲ್ಲಿ ಆ ಇನ್ನೊಂದು ತುದಿ ಹಿಡಿಯುತ್ತಿದ್ದವಳು. ಅಪ್ಪ ತೀರಿಕೊಂಡ ಮೇಲೆ ಅವರ ಮನೆ ಮಾರಿ ಬಂದ ಪಾಲಿನಲ್ಲಿ ಮರ್ಲ್ ಈ ಕ್ಯಾರವಾನ್ ಕೊಂಡಳೆಂದು ಮಾತು ಬಿಟ್ಟವಳು. ನಾಲ್ಕು ದಿನ ನಮ್ಮ ಜೊತೆ ಬಂದಿರು ಎಂದು ಅವಳಿಗೆ ಬರೆದ ಕಾಗದ ಟಪಾಲಿಗೆ ಹಾಕದೆ ಈಸ್ಟರ್ ಹಬ್ಬದಿಂದ ಚಹಾ ಡಬ್ಬಿಯ ಹಿಂದೆಯೇ ಕೂತಿತ್ತು.

ಕ್ಲೈವ್ ತುದಿ ಹಿಡಿದು ಜಗ್ಗಿದ. "ಅವಳು ಬಂದ್ರೆ ನನಗೆ ಈ ಕೂಲಿ ತಪ್ಪುತ್ತೆ," ಅಂದ.

ಕ್ಯಾರವಾನುಗಳು ತಂಗುವ ಆ ಪಾರ್ಕ್ ನೋಡಿಕೊಳ್ಳುವ ನೊಲೀನ್ ಊರಿಗೆ ಟಪಾಲು ಒಯ್ಯಲು ಗಾಡಿ ಹೊರಡಿಸುವ ಸದ್ದು ಕೇಳಿತು. ಮರ್ಲ್ ಬುಟ್ಟಿಯನ್ನು ಇಟ್ಟಲ್ಲೇ ಬಿಟ್ಟು ಒಳಗೆ ಹೋಗಿ ಕಾಗದ ತಂದಳು. ಲಕೋಟೆಯ ಬೆನ್ನಿಗೆ, "ಅಪ್ಪನ ಬಳೆ ಸಿಕ್ಕಿದೆ, ಹಗ್ಗ ಹಿಡಿಯೋಕೆ ಕ್ಲೈವ್‌ಗೆ ಬರೋದಿಲ್ಲ," ಎಂದು ಗೀಚಿ, ಹೊರಟಿದ್ದ ಗಾಡಿಯ ಕಿಟಕಿಯಲ್ಲಿ ತೂರಿಸಿದಳು.