ಅಣಬೆಯ ಬುಡ

ನಾನೀಗ ಇರುವ ಶಿವಾಲ ಬಡಾವಣೆಯ ತರಕಾರಿ ಗಾಡಿಯಲ್ಲಿ ಬುಡ ಕತ್ತರಿಸಿದ ಅಣಬೆ ಬರುತ್ತದೆ ಈಗ, ನಾನು ಕೊಳ್ಳುವುದಿಲ್ಲ.

ಚಿಕ್ಕವಳಿದ್ದಾಗ ನಾವು ಸಾರನಾಥದ ಕಡೆ ಇದ್ದೆವು. ಅಪ್ಪ ಮಠದ ದನ ನೋಡಿಕೊಳ್ಳುತ್ತಿದ್ದ. ಮಳೆ ನಿಂತ ಒಂದು ಮಧ್ಯಾಹ್ನ ಅಮ್ಮ ನನ್ನನ್ನು ಬಿದಿರುಮೆಳೆಗೆ ಕರೆದುಕೊಂಡು ಹೋಗಿ ಸೆರಗು ತುಂಬ ಅಣಬೆ ಕುಯ್ದಳು. ಬೂದು ಕೊಡೆ, ನಡುವೆ ಮೊಲೆತೊಟ್ಟಿನಂಥ ಚೂಪು. "ನಮ್ಮೂರಲ್ಲೂ ಇದೇ ತಿಂತಿದ್ವಿ" ಅಂದು ಸಾರು ಮಾಡಿ ತಮ್ಮನಿಗೆ ಮೊದಲು ಬಡಿಸಿದಳು.

ಅಮ್ಮನನ್ನು ಮನೆ ಸೊಸೆಯ ಹಾಗೆ ದುಲ್ಹಿನ್ ಅನ್ನುತ್ತಿದ್ದ ಪಕ್ಕದ ಮನೆಯ ಚಾಚಿ ಬಂದವಳು ಅವನ ತಟ್ಟೆ ನೋಡಿದಳು. "ದುಲ್ಹಿನ್, ಇದರ ಬುಡ ಎಲ್ಲಿ?"

"ಕತ್ತರಿಸಿ ಅಲ್ಲೇ ಬಿಟ್ಟೆ. ಆ ಮಣ್ಣು ಯಾರು ತೊಳೀತಾರೆ?"

"ಥೂ, ಬುಡದಲ್ಲೇ ಎಲ್ಲಾ ಇರೋದು! ಮಣ್ಣೊಳಗೆ ಒಡೆದ ಮೊಟ್ಟೆಯಂಥ ಚೀಲ ಇದ್ದರೆ ವಿಷ. ಉದ್ದ ಬೇರು ಹುತ್ತಕ್ಕೆ ಇಳಿದಿದ್ದರೆ ತಿನ್ನೋ ಅಣಬೆ."

ತಮ್ಮ ತಟ್ಟೆ ನೆಕ್ಕುತ್ತಿದ್ದ. ಅಮ್ಮನ ಮುಖ ಬಿಳಿಚಿಕೊಂಡಿತು. "ನೀವೇ ಅಗೆದು ನೋಡಿ ಚಾಚಿ. ಇವಳು ಜಾಗ ತೋರಿಸ್ತಾಳೆ."

ಚಾಚಿ ಕಳೆ ಕೀಳುವ ಖುರ್ಪಿ ಹಿಡಿದು ನನ್ನ ಹಿಂದೆ ಓಡಿ ಬಂದಳು. ಉಳಿದಿದ್ದ ಬುಡಗಳನ್ನು ಒಂದೊಂದಾಗಿ ಮೊಣಕೈ ಆಳ ಅಗೆದಳು. ಚೀಲ ಎಲ್ಲೂ ಇರಲಿಲ್ಲ. ಬೇರು ಹಗ್ಗದ ಹಾಗೆ ಇಳಿಯುತ್ತಲೇ ಹೋಗಿ ಕೊನೆಗೆ ಗೆದ್ದಲು ಅವಳ ಕೈಗೆ ಹತ್ತಿತು. "ಬದುಕಿದ!" ಅಂದಳು.

ನಾನು ಕೂಗುತ್ತಾ ಮನೆಗೆ ಓಡಿದೆ. ಅಮ್ಮ ತಮ್ಮನನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಪಾತ್ರೆ ಬರಿದಾಗಿತ್ತು.

"ಸಾರೆಲ್ಲಿ?" ಅಂದಳು ನನ್ನ ಹಿಂದೆಯೇ ಬಂದ ಚಾಚಿ.

"ನಾನೇ ತಿಂದೆ. ಅವನಿಗಾದದ್ದು ನನಗೂ ಆಗಲಿ ಅಂತ."

ಚಾಚಿ ಖುರ್ಪಿ ಕೆಳಗಿಟ್ಟು ಅಮ್ಮನ ಪಕ್ಕ ಕೂತಳು. ನನಗೊಂದು ತುಂಡೂ ಉಳಿಸಲಿಲ್ಲ ಅಂತ ನಾನು ನೆಲಕ್ಕೆ ಬಿದ್ದು ಹೊರಳಾಡಿ ಅತ್ತೆ.