ಭೂಮಿಯ ನಟ್ಟನಡುವಿನ ನಮಸ್ಕಾರ

ಮಂಡಿನೋವು ಬಂದವರೆಲ್ಲ ಈಗ ಭೂಮಿಯ ನಟ್ಟನಡುವಿಗೆ ಹೋಗಿ ಇದ್ದುಬಿಡುತ್ತಾರೆ; ಅಲ್ಲಿ ಮೈಗೆ ತೂಕವೇ ಇಲ್ಲ. ನೀಲವ್ವನ ಅಕ್ಕ ಚೆನ್ನವ್ವನೂ ಹೋಗಿದ್ದಳು. ತಂಗಿ ತನ್ನ ಮಗಳ ನಿಶ್ಚಿತಾರ್ಥಕ್ಕೆ ಹೇಳಲಿಲ್ಲವೆಂದು ಅವಳೊಡನೆ ಮಾತೂ ಬಿಟ್ಟಿದ್ದಳು. ಮದುವೆಗಾದರೂ ಕರೆಯೋಣವೆಂದು ನೀಲವ್ವ ಲಿಫ್ಟ್ ಹತ್ತಿದಳು. ಬಂಡೆಯ ಪದರ, ಕಾದ ಕಲ್ಲು, ಕುದಿಯುವ ಕಬ್ಬಿಣದ ಕಡಲು ಎಲ್ಲ ದಾಟುವಷ್ಟರಲ್ಲಿ ಬುತ್ತಿಯ ರೊಟ್ಟಿ ಮುಗಿದಿತ್ತು.

"ಯಕ್ಕಾ, ತಪ್ಪಾತು," ಎಂದವಳೇ ಊರಿನ ರೂಢಿಯಂತೆ ಕಾಲಿಗೆ ಬೀಳಲು ರಭಸದಿಂದ ಬಾಗಿದಳು. ತೂಕವಿಲ್ಲದ ಜಾಗದಲ್ಲಿ ಬೀಳುವುದೆಲ್ಲಿಗೆ? ಗಿರ್ರನೆ ಪಲ್ಟಿ ಹೊಡೆದು, ಅವಳ ಪಾದಗಳೇ ಅಕ್ಕನ ಮೂಗಿನ ಮುಂದೆ ಬಂದವು. ಚೆನ್ನವ್ವ ಗಬಕ್ಕನೆ ಎರಡನ್ನೂ ಹಿಡಿದಳು.

"ಅಯ್ಯ, ಹಿರೇಕಿ ನೀ! ನನ್ನ ಕಾಲು ಬಿಡವಾ!"

"ಬಿಟ್ರ ಮತ್ತ ಕೈಗೆ ಸಿಗೂದಿಲ್ಲ ನೀ. ಮದುವಿ ಯಾವತ್ತು, ಅದನ್ನ ಹೇಳು."