ದಂಡ ಕಟ್ಟಿದ ಹೆಂಗಸರು

“ಕುರ್ಚಿ ಮೇಲೆ ಕೂತ್ಕಂಡು ನಟ್ಟಿ ಹಾಡು ಹೇಳೂಕೆ ಬರೂದಿಲ್ಲ,” ಎಂದ ದುರ್ಗಿ ಸೀರೆ ಎತ್ತಿ ಕಟ್ಟಿ, ಹಳದೀಪುರದ ತನ್ನ ಗದ್ದೆಗೆ ಇಳಿದೇಬಿಟ್ಟಳು. “ಕೈ ಆಡದೆ ಬಾಯಿ ಆಡೂದಿಲ್ಲ. ಸೊಲ್ಲು ಸೇರಿಸೂಕೂ ಒಬ್ರು ಬೇಕು. ಇಳಿ.”

ಮೊಬೈಲಿನ ರೆಕಾರ್ಡರ್ ಒತ್ತಿಕೊಂಡು ಕೂತಿದ್ದ ಸೋದರಸೊಸೆ ಶ್ರೀಗೌರಿ ಪೆಚ್ಚಾದಳು. ಐನೂರು ವರ್ಷ ಹಿಂದಿನ ಫ್ರಾನ್ಸಿನ ರೈತ ಹೆಂಗಸರ ಮೇಲೆ ಡಾಕ್ಟರೇಟ್ ಪಡೆದವಳು, ಹದಿನೆಂಟು ವರ್ಷದಿಂದ ಯುರೋಪಿನ ಇತಿಹಾಸ ಪಾಠ ಮಾಡುವವಳು. ಅಲ್ಲಿ ಗೋಧಿ ಯಾವಾಗ ಕೊಯ್ಯುತ್ತಿದ್ದರೆಂದು ನಿದ್ದೆಯಿಂದೆಬ್ಬಿಸಿ ಕೇಳಿದರೂ ಹೇಳಿಯಾಳು. ಅತ್ತೆಯ ಗದ್ದೆಯಲ್ಲಿ ಮಾತ್ರ ಒಂದು ಸಸಿ ನೆಟ್ಟವಳಲ್ಲ. ಈಗ ಪ್ರಕಾಶಕರು ಆ ಹೆಂಗಸರ ಮೇಲಿನ ಅವಳ ಪುಸ್ತಕದ ಹಸ್ತಪ್ರತಿ ವಾಪಸು ಕಳಿಸಿದ್ದರು: ‘ನಿಮ್ಮ ಹೆಂಗಸರು ಬಾಯಿಯೇ ಬಿಡುವುದಿಲ್ಲ. ತಿಂಗಳೊಳಗೆ ಅವರಿಗೆ ದನಿ ಕೊಡಿ.’ ಪುಸ್ತಕ ಬರದಿದ್ದರೆ ಪ್ರೊಫೆಸರ್ ಹುದ್ದೆಯೂ ಇಲ್ಲ. ಆ ಹೆಂಗಸರ ಹಾಡು ಯಾವ ಕಡತದಲ್ಲೂ ಸಿಕ್ಕಿರಲಿಲ್ಲ. ದುಡಿಯುತ್ತ ಹಾಡುವುದೆಂದರೆ ಏನೆಂದು ಅತ್ತೆಯಿಂದಲಾದರೂ ತಿಳಿದು ಕೊನೆಯ ಅಧ್ಯಾಯ ಬರೆಯೋಣವೆಂದು ಊರಿಗೆ ಓಡಿ ಬಂದಿದ್ದಳು.

ಮೊಬೈಲನ್ನು ಬದುವಿನ ಮೇಲಿಟ್ಟು ಇಳಿದಳು. ಮೂರೇ ಹೆಜ್ಜೆಗೆ ಜಾರಿ ಬಿದ್ದಳು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಇವಳ ಬಾಯಿಗೂ ಕೆಸರೇ ಬಂತು. ದುರ್ಗಿ ಹೊಟ್ಟೆ ಹಿಡಿದು ನಕ್ಕು, ಸಸಿ ಕೈಗಿಟ್ಟು, ಹಾಡು ಎತ್ತಿದಳು. ಶ್ರೀಗೌರಿ ದನಿಗೂಡಿಸಿದಳು. ಸಾಲು ಸೊಟ್ಟಗಾಯಿತು, ಸೊಂಟ ಕಿತ್ತುಬಂತು. ಆದರೂ ಅಧ್ಯಾಯ ಸಿಕ್ಕಿತೆಂಬ ಖುಷಿಗೆ ಅವಳು ನೋವನ್ನೇ ಮರೆತಳು.

ಗದ್ದೆಯ ತುದಿ ಮುಟ್ಟಿದಾಗ ದುರ್ಗಿ ಬೆನ್ನು ನೆಟ್ಟಗೆ ಮಾಡಿ ಕೇಳಿದಳು. “ನಿನ್ನ ಫ್ರಾನ್ಸಿನ ಹೆಂಗಸ್ರ ಹೆಸ್ರು ಎಂತ?”

“ಹದಿನೇಳು ಹೆಸ್ರು ಸಿಕ್ಕಿದೆ ಅತ್ತೆ. ಒಡೆಯನ ಗದ್ದೇಲಿ ತೆನೆ ಕದ್ದು ಸಿಕ್ಕಿಬಿದ್ದವ್ರು. ದಂಡ ಹಾಕುವಾಗ ಕೋರ್ಟಿನವ್ರು ಬರೆದಿಟ್ಟಿದ್ರು.”

“ಕದಿಯದೆ ಇದ್ದವ್ರದ್ದು?”

“ಅವ್ರದ್ದು ಯಾರೂ ಬರೀಲಿಲ್ಲ. ‘ಕೂಲಿ ಹೆಂಗಸರು’ ಅಂತ, ಅಷ್ಟೆ.”

ದುರ್ಗಿ ಬದುವಿನ ಮೇಲಿನ ಮೊಬೈಲನ್ನೇ ನೋಡಿದಳು. “ಈ ಹಾಡು ನಿನ್ನ ಪುಸ್ತಕದಲ್ಲಿ ಯಾರ ಹೆಸ್ರಲ್ಲಿ ಬತ್ತದೆ?”

“‘ಹಳದೀಪುರದ ರೈತ ಹೆಂಗಸರ ಹಾಡು’ ಅಂತ ಹಾಕ್ತೆ,” ಎಂದಳು ಶ್ರೀಗೌರಿ, ಹದಿನೆಂಟು ವರ್ಷದ ರೂಢಿಯಂತೆ.

ದುರ್ಗಿ ಇನ್ನೊಂದು ಸಸಿಕಟ್ಟು ಬಿಚ್ಚಿ ಮತ್ತೆ ಬಗ್ಗಿದಳು.

“ಹಂಗಾರೆ ನಾನು ಯಾರ ಗದ್ದೇಲಿ ಕದೀಬೇಕು, ಗೌರೀ?”